ಅದಲುಬದಲು ಮಾಡಿ ಅಳೆದ ಕಾರುಗಳು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಯಾವ ಊರು ಎಂದು ಕೇಳಬೇಡಿ. ಹೇಳಿಬಿಟ್ಟರೆ ಅದು ಆ ಊರಿನ ಕಥೆಯಾಗುತ್ತದೆ, ನಿಮ್ಮ ಮನೆಯದಾಗುವುದಿಲ್ಲ. ಅವನಿಗೆ ಇಬ್ಬರು ಗಂಡುಮಕ್ಕಳು, ಎರಡು ಹೊಲ. ಹಳ್ಳದ ದಂಡೆಯ ಫಲವತ್ತಾದ ಕಪ್ಪು ಮಣ್ಣಿನ ಎರೆಹೊಲವನ್ನು ಹಿರಿಯ ಮಗ ನೋಡಿಕೊಳ್ಳುತ್ತಿದ್ದ. ಗುಡ್ಡದ ಸೆರಗಿನಲ್ಲಿ ಕೆಂಪು ಮಣ್ಣಿನ ಮಸಾರಿ ಹೊಲ, ಕಾಲಿಟ್ಟಲ್ಲೆಲ್ಲ ಹರಳು, ಅದು ಕಿರಿಯವನ ಪಾಲಿಗೆ. ದುಡಿಮೆ ಬೇರೆಯಾದರೂ ಇಬ್ಬರ ಸಂಸಾರವೂ ಒಂದೇ ಒಲೆಯ ರೊಟ್ಟಿ ತಿನ್ನುತ್ತಿತ್ತು.

ಶ್ರೀಮಂತನಿಗೆ ಇದ್ದ ಆಸೆ ಒಂದೇ. ತಾನು ಇರುವತನಕ ಆ ಒಲೆ ಎರಡಾಗಬಾರದು. ಅದಕ್ಕೇ ಮಕ್ಕಳಿಗೆ ಕಾರು ಕೊಡಿಸುವಾಗ ಎರಡನ್ನೂ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಮಾದರಿಯದು, ಒಂದೇ ಬಣ್ಣದ್ದು ಕೊಡಿಸಿದ. ನೋಡಿ, ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ತಂದೆ ಎಂದರೆ ಹೀಗಿರಬೇಕು ಎಂದು ಊರು ಹೊಗಳಿತು. ಅವನೂ ಹಾಗೆಯೇ ಅಂದುಕೊಂಡ. ಹೊಗಳಿಕೆ ಯಾರಿಗೆ ಕಹಿ?

ಒಮ್ಮೆ ಬೀಗರ ಮನೆಯಲ್ಲಿ ಬಸುರಿಗೆ ಮಡಿಲು ತುಂಬುವ ಕುಬಸಕ್ಕೆ ಹೊರಟರು. ಏರುದಾರಿಯಲ್ಲಿ ಅಣ್ಣನ ಕಾರು ಮುಂದೆ ಹೋಯಿತು, ತಮ್ಮನದು ಹಿಂದೆ ಉಳಿಯಿತು. ತಮ್ಮನ ಕಾರಿನಲ್ಲಿ ಮನೆಯ ಹೆಂಗಸರೆಲ್ಲ ಇದ್ದರು, ಉಂಡೆಯ ಡಬ್ಬಿಗಳಿದ್ದವು, ಮೇಲೆ ಒಂದು ಚೀಲ ತೆಂಗಿನಕಾಯಿ. ಅದನ್ನು ಯಾರು ನೋಡುತ್ತಾರೆ? ಬೀಗರ ಪೈಕಿ ಒಬ್ಬ ಬಾಗಿಲಲ್ಲೇ ನಿಂತು ಕೇಳಿದ:

"ಏನ್ರಿ ಸಣ್ಣ ಸಾವ್ಕಾರ್ರ, ಗಾಡಿಗೆ ಹಿಂಡಿ ತಿನ್ಸಿಲ್ಲೇನ್ರಿ?"

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಕಿರಿಯವನು ನಗಲಿಲ್ಲ.

ಮರುವಾರ ಅವನು ಶಹರದ ಒಂದು ಗ್ಯಾರೇಜಿಗೆ ಹೋದ. ಅಲ್ಲಿ ಒಂದು ಯಂತ್ರ. ಕಾರಿನ ಗಾಲಿಗಳನ್ನು ದಪ್ಪ ಉರುಳೆಗಳ ಮೇಲೆ ನಿಲ್ಲಿಸಿ, ಬೆಲ್ಟಿನಿಂದ ಬಿಗಿದು, ನಿಂತಲ್ಲೇ ಓಡಿಸಿದರೆ ಎಂಜಿನ್ನಿಗೆ ಎಷ್ಟು ಕುದುರೆಯ ಬಲವಿದೆ ಎಂದು ಅದು ತೋರಿಸುತ್ತದೆ. ಎಂಬತ್ತೆರಡು ಎಂದು ತೋರಿಸಿತು. ಇದನ್ನು ಕೇಳಿ ಅಣ್ಣ ಶಹರದ ಇನ್ನೊಂದು ಗ್ಯಾರೇಜಿನಲ್ಲಿ ತನ್ನದನ್ನು ಅಳೆಸಿದ. ತೊಂಬತ್ತೇಳು. ಅಣ್ಣ ಕೆಟ್ಟವನಲ್ಲ. ಆದರೆ ಹೆಚ್ಚು ಬಂದವನು ಯಂತ್ರವನ್ನು ಪ್ರಶ್ನೆ ಮಾಡುವುದುಂಟೇ? ನೀವು ಮಾಡಿದ್ದೀರಾ? ಅವನು ಸುಮ್ಮನೆ ಮೀಸೆಯಲ್ಲೇ ನಕ್ಕು ಉಣ್ಣಲು ಕುಳಿತ.

ಕಿರಿಯವನು ತಾಟು ದೂಡಿ ಎದ್ದ.

"ಅಪ್ಪಾ, ಎರಡೂ ಕೀಲಿ ನಿನ್ನ ಕೈಯಾಗ ಇದ್ವು. ಛಲೋದು ಯಾರಿಗೆ ಹೋತು ಅಂತ ಈಗ ಗೊತ್ತಾತು. ನಮ್ಮ ಒಲಿ ಬ್ಯಾರೆ ಮಾಡಿಬಿಡು."

ಶ್ರೀಮಂತನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಅವನು ಅಂಗಡಿಯ ಆ ದಿನವನ್ನು ನೆನೆದ. ಕೀಲಿಯನ್ನು ಮೊದಲು ಹಿರಿಯನಿಗೇ ಕೊಟ್ಟಿದ್ದು ನಿಜ. ಯಾಕೆ ಕೊಟ್ಟೆ? ಕೈ ತಾನಾಗಿ ಆ ಕಡೆ ಹೋಗಿತ್ತು. ಹಾಗಾದರೆ ತನಗೇ ಗೊತ್ತಿಲ್ಲದಂತೆ ತನ್ನ ಕೈ ಭೇದ ಮಾಡಿತೇ? ಎರಡು ದಿನ ಅವನಿಗೆ ಅನ್ನ ರುಚಿಸಲಿಲ್ಲ. ಸೊಸೆಯಂದಿರು ಒಬ್ಬರ ಮುಖ ಒಬ್ಬರು ನೋಡದೆ ಕೊಡ ತುಂಬುತ್ತಿದ್ದರು. ಹಿಂದಿನ ಪಡಸಾಲೆಯಲ್ಲಿ ಹೊಸ ಒಲೆ ಹಾಕಲು ಕಿರಿಯವನು ಮಣ್ಣು ತಂದು ಸುರಿದ.

ಆ ಮಣ್ಣಿನ ಗುಡ್ಡೆ ನೋಡಿದಾಗ ಒಕ್ಕಲುತನದ ಬುದ್ಧಿ ಶ್ರೀಮಂತನಿಗೆ ನೆರವಿಗೆ ಬಂತು. ಜೋಡಿ ಎತ್ತಿನಲ್ಲಿ ಎಡಗಡೆಯದು ಹಿಂದೆ ಬಿದ್ದರೆ ಜಾಣ ಒಕ್ಕಲಿಗ ಅದನ್ನು ಹೊಡೆಯುವುದಿಲ್ಲ. ಎಡಕ್ಕಿದ್ದದ್ದನ್ನು ಬಲಕ್ಕೆ, ಬಲಕ್ಕಿದ್ದದ್ದನ್ನು ಎಡಕ್ಕೆ ಹೂಡಿ ನೋಡುತ್ತಾನೆ. ಆಗಲೂ ಎಡಗಡೆಯದೇ ಹಿಂದೆ ಬಿದ್ದರೆ ಕುಂದು ಎತ್ತಿನಲ್ಲಿಲ್ಲ, ನೊಗದಲ್ಲಿದೆ.

"ಒಲಿ ಆಮ್ಯಾಲೆ ಹಾಕೂಣು," ಎಂದ ಅಪ್ಪ. "ಮೊದಲ ಗಾಡಿ ಅದಲಬದಲ ಮಾಡ್ರಿ."

ಮೂವರೂ ಶಹರಕ್ಕೆ ಹೋದರು. ತಮ್ಮ ಅಳೆಸಿದ್ದ ಗ್ಯಾರೇಜಿನಲ್ಲಿ ಈಗ ಅಣ್ಣನ ಕಾರನ್ನು ಉರುಳೆಯ ಮೇಲೆ ನಿಲ್ಲಿಸಿದರು. ಎಂಬತ್ತೊಂದು. ಅಣ್ಣನ ಮೀಸೆ ಇಳಿಯಿತು. ಅಲ್ಲಿಂದ ಇನ್ನೊಂದು ಗ್ಯಾರೇಜಿಗೆ ಹೋಗಿ ತಮ್ಮನ ಕಾರನ್ನು ನಿಲ್ಲಿಸಿದರು. ಅಪ್ಪ ಕಣ್ಣು ಮುಚ್ಚಿಕೊಂಡ. ತೊಂಬತ್ತೆಂಟು.

ಅಪ್ಪ ಅಲ್ಲೇ ಇದ್ದ ಹಳೆಯ ಟಯರಿನ ಮೇಲೆ ಕುಳಿತುಬಿಟ್ಟ. ಎದೆಯ ಮೇಲಿನ ಬೀಸುವ ಕಲ್ಲು ಇಳಿದಂತಾಯಿತು. ಗ್ಯಾರೇಜಿನವನು ಬಿಡಿಸಿ ಹೇಳಿದ. ಒಂದು ಯಂತ್ರ ಗಾಲಿಯನ್ನು ತಡೆಹಿಡಿದು ಬಲ ನೋಡುತ್ತದೆ, ಇನ್ನೊಂದು ಉರುಳೆಯನ್ನು ತಡೆಯಿಲ್ಲದೆ ತಿರುಗಲು ಬಿಟ್ಟು ನೋಡುತ್ತದೆ. ಅಲ್ಲಿಯ ಯಂತ್ರ ಗಾಲಿಗೆ ಮುಟ್ಟಿದ ಬಲವನ್ನಷ್ಟೇ ಹೇಳಿದರೆ, ಇಲ್ಲಿಯದು ಎಂಜಿನ್ನಿನಿಂದ ಗಾಲಿಗೆ ಬರುವಾಗ ಸೋರಿದ್ದನ್ನೂ ಅಂದಾಜು ಮಾಡಿ ಕೂಡಿಸುತ್ತದೆ. ಬಿಸಿಲು ಏರಿದರೆ ಗಾಳಿ ತೆಳುವಾಗಿ ಎಂಜಿನ್ನಿಗೆ ಉಸಿರು ಸಾಲದು. ಟಯರಿನ ಗಾಳಿ ಕಡಿಮೆಯಿದ್ದರೆ, ಬೆಲ್ಟನ್ನು ಅತಿಯಾಗಿ ಬಿಗಿದರೆ, ಅಂಕಿ ಇನ್ನೂ ಇಳಿಯುತ್ತದೆ.

"ಅಳತಿ ಸುಳ್ಳಲ್ರಿ ಯಜಮಾನ್ರ," ಎಂದ ಅವನು. "ಇಲ್ಲಿಂದು ಒಯ್ದು ಅಲ್ಲಿಂದಕ್ಕ ಹೋಲಿಸಿದ್ರ ಸುಳ್ಳಾಗ್ತೈತಿ."

ಬರುವಾಗ ದಾರಿಯಲ್ಲಿ ಚಹಾ ಕುಡಿಯಲು ನಿಂತರು. ಅಣ್ಣ ತಮ್ಮನ ಮುಂದೆ ಮಿರ್ಚಿಭಜಿಯ ತಾಟು ಸರಿಸಿದ. ಅಪ್ಪ ಹಗುರಾಗಿ ನಗುತ್ತ, ನಿಮ್ಮಪ್ಪನ ಕೈ ಭೇದ ಮಾಡಿಲ್ಲ ನೋಡಪಾ ಎಂದು ಕಿರಿಯವನಿಗೆ ಹೇಳಿದ. ಕಿರಿಯವನು ಬಗ್ಗಿಸಿದ ತಲೆ ಎತ್ತಲಿಲ್ಲ.

"ಗಾಡೀದು ಬಿಡಪಾ. ಪ್ರತಿ ವರ್ಷಾ ಸುಗ್ಗಿ ರಾಶಿ ಆದಾಗ, ಅಣ್ಣ ಇಷ್ಟು ಚೀಲ ತಂದ, ನೀ ಇಷ್ಟ ಏನು ಅಂತಿ. ಅವಂದು ಎರಿ ಹೊಲ. ನಂದು ಮಸಾರಿ."

ನೋಡಿ, ಇಲ್ಲಿದೆ ಕಥೆ. ಕಾರು ಒಂದು ನೆಪ. ಶ್ರೀಮಂತ ಚಹಾದ ಕಪ್ಪು ಕೆಳಗಿಟ್ಟ. ಮಗ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕಾರುಗಳನ್ನು ಅಷ್ಟು ಸಮನಾಗಿ ಕೊಟ್ಟವನು, ಮಕ್ಕಳನ್ನು ಎರಡು ಬೇರೆ ಉರುಳೆಗಳ ಮೇಲೆ ನಿಲ್ಲಿಸಿ ಅಂಕಿ ಓದುತ್ತ ಬಂದಿದ್ದ. ಮಗನ ಕಡೆ ತಿರುಗಿ, "ತಪ್ಪಾತಪಾ," ಎಂದ. ಅಷ್ಟೇ. ಸಾಕಾಯಿತು. ಮನೆಗೆ ಬಂದು ಕಿರಿಯವನು ಒಲೆಗೆಂದು ತಂದ ಮಣ್ಣನ್ನು ಕಲಸಿ ಹಿತ್ತಲ ಗೋಡೆಗೆ ಮೆತ್ತಿದ. ಮರುವರ್ಷ ರಾಶಿಯ ಹೊತ್ತಿಗೆ ಅಪ್ಪ ಮಸಾರಿಗೆ ಹೋಗಿ ಕೇಳಿದ ಮಾತು ಬೇರೆಯಾಗಿತ್ತು: ಹೋದ ವರ್ಷಕ್ಕಿಂತ ಹೆಂಗೈತಪಾ? ಮಗ ಹೊಲದ ತುದಿಯ ತನಕ ಅಪ್ಪನನ್ನು ಕರೆದೊಯ್ದು ತೋರಿಸಿದ.

ಈಗ ನಿಮ್ಮ ಮಾತಿಗೆ ಬರೋಣ. ತವರಲ್ಲಿ ಚುರುಕಾಗಿದ್ದ ಹುಡುಗಿ ನಮ್ಮಲ್ಲಿಗೆ ಬಂದು ಮಂಕಾದಳು ಎನ್ನುತ್ತೀರಿ. ತಾಯಂದಿರೇ, ಬೆಲ್ಟನ್ನು ಎಷ್ಟು ಬಿಗಿದಿದ್ದೀರಿ? ಪಕ್ಕದ ಮನೆಯ ಹುಡುಗ ಇಷ್ಟು ಅಂಕ ತಂದ, ನೀನೇಕೆ ತರಲಿಲ್ಲ ಎನ್ನುತ್ತೀರಿ. ಅವನು ಓದಿದ್ದು ಯಾವ ತಂಪಿನಲ್ಲಿ, ನಿಮ್ಮವನು ಓದಿದ್ದು ಯಾವ ಬಿಸಿಲಲ್ಲಿ? ಕಡಿಮೆ, ಕಡಿಮೆ, ಕಡಿಮೆ ಎನ್ನುತ್ತೀರಲ್ಲ, ಎಲ್ಲಿ ನಿಲ್ಲಿಸಿ ಅಳೆದಿರಿ?

ಅಳೆಯಲೇಬೇಡಿ ಎಂದು ನಾನು ಹೇಳುವುದಿಲ್ಲ, ಸಂಸಾರ ನಡೆಯಬೇಕು. ಅಳೆಯುವುದಾದರೆ ಮಗನ ಇವತ್ತನ್ನು ಅವನದೇ ನಿನ್ನೆಯ ಪಕ್ಕ ಇಟ್ಟು ಅಳೆಯಿರಿ. ಇವತ್ತು ಮನೆಗೆ ಹೋಗಿ ಉಣ್ಣಲು ಕುಳಿತಾಗ, ಒಬ್ಬರ ಎದುರು ಇನ್ನೊಬ್ಬರ ಹೆಸರು ಎತ್ತಬೇಕೆಂದು ನಾಲಿಗೆ ತುದಿಗೆ ಬರುತ್ತದೆ, ಬಂದೇ ಬರುತ್ತದೆ. ಆಗ ಒಂದು ತುತ್ತು ನುಂಗಿ, ಅದರೊಂದಿಗೆ ಆ ಮಾತನ್ನೂ ನುಂಗಿಬಿಡಿ. ಎದುರಿಗೆ ಕುಳಿತವರು ಆ ದಿನ ಒಂದು ರೊಟ್ಟಿ ಹೆಚ್ಚು ಉಂಡಾರು.