ಗಿಟಾರ್ ಬಿಚ್ಚಿಟ್ಟು ಹೋದ ನಮ್ಮ ಯಜಮಾನರ ಬಗ್ಗೆ

ವಯಸ್ಸು ಐವತ್ತು, ಓದು ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ, ಕಸುಬು ಬಟ್ಟೆ ಹೊಲಿಗೆ, ವಾಸ ನೀರಿನ ಟ್ಯಾಂಕ್ ಹಿಂದಿನ ಓಣಿಯ ಕೊನೆ ಮನೆ, ಮೇಲಿನ ಮಹಡಿ. ಈ ದಿನ ಮಧ್ಯಾಹ್ನ ನನ್ನ ತಮ್ಮನೊಡನೆ ಠಾಣೆಗೆ ಬಂದು ನಾನಾಗಿ ಬರೆಸುವುದೇನೆಂದರೆ:

ನಮ್ಮ ಯಜಮಾನರಿಗೆ ಅರವತ್ತೊಂದು ವರ್ಷ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ಈಗ ನಿವೃತ್ತಿಯಾಗಿ ಮನೆಯಲ್ಲಿದ್ದಾರೆ. ಸಕ್ಕರೆ ಕಾಯಿಲೆಗೆ ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ನಮ್ಮ ಮಗಳ ಬಳಿ ಅಗ್ಗದ ಎಲೆಕ್ಟ್ರಿಕ್ ಗಿಟಾರ್ ಒಂದಿದೆ. ಅದು ಗೊರಗೊರ ಎನ್ನುತ್ತದೆಂದು ಕಳೆದ ವಾರ ಅವಳು ರಿಪೇರಿ ಅಂಗಡಿಗೆ ಒಯ್ದಾಗ ಅಲ್ಲಿಯವನು, ಗಿಟಾರಿಗಿಂತ ಅದರ ಚೀಲವೇ ಚೆನ್ನಾಗಿದೆಯಲ್ಲಮ್ಮ ಎಂದು ನಕ್ಕನಂತೆ. ಮಗಳು ಮನೆಗೆ ಬಂದು ಅತ್ತಳು. ಯಜಮಾನರು, "ಬಸ್ ಇಂಜಿನ್ನಿಗೇ ಜೀವ ಕೊಟ್ಟೋನು ನಾನು, ಇದ್ಯಾವ ಮಹಾ" ಎಂದು ಹೇಳಿ ತಂತಿಯ ಸದ್ದು ಹಿಡಿಯುವ ಹೊಸ ಪಿಕಪ್, ತಂತಿ ಬಿಗಿಯುವ ಬಿರಡೆ, ಸದ್ದು ಏರಿಸಿ ಇಳಿಸುವ ಗುಂಡಿ ಎಲ್ಲ ತರಿಸಿದರು.

ಈ ದಿನ ಬೆಳಿಗ್ಗೆ ಎಂಟಕ್ಕೆ ಇನ್ಸುಲಿನ್ ಚುಚ್ಚಿಕೊಂಡರು. ಮೇಜಿನ ಮೇಲೆ ತಿಂಡಿ ತಂದಿಟ್ಟೆ. ಅದೇ ಮೇಜಿನ ಮೇಲೆ ಗಿಟಾರ್ ಬಿಚ್ಚಿಟ್ಟಿತ್ತು. ತಿನ್ನಿ ಎಂದರೆ, "ಬಿಚ್ಚಿದ ಗಾಡಿ ಬಿಟ್ಟು ಊಟಕ್ಕೆ ಏಳೋ ಹಾಗಿಲ್ಲ, ಇನ್ನು ಒಂದೇ ಬೆಸುಗೆ" ಎಂದರು. ಇದು ಅವರ ಡಿಪೋದ ಪದ್ಧತಿ. ಹಾಗಾದರೆ ಗಿಟಾರ್ ಜೊತೆಯೇ ಸಂಸಾರ ಮಾಡಿ ಎಂದೆ. "ಅದಾದ್ರೆ ಕೆಟ್ಟರೂ ರಿಪೇರಿ ಆಗುತ್ತೆ ಕಣೇ" ಎಂದು ನಕ್ಕರು. ಇದು ಜಗಳವಲ್ಲ. ನಾವು ಮಾತಾಡುವುದೇ ಹೀಗೆ.

ನಾನು ದೇವರ ಮುಂದೆ ಕುಳಿತೆ. ಹೊಸ ಗುಂಡಿಯ ದಂಡ ದಪ್ಪ, ಗಿಟಾರ್ ಮೇಲಿನ ಬಿಳಿ ಪ್ಲಾಸ್ಟಿಕ್ ತಗಡಿನ ಹಳೇ ತೂತು ಚಿಕ್ಕದು ಎಂದು ಅವರು ಗೊಣಗುವುದು ಕೇಳಿಸಿತು. ಆಮೇಲೆ, "ತೂತು ದೊಡ್ಡದು ಮಾಡಿಸ್ಕೊಂಡು ಈಗ ಬಂದೆ" ಎಂದು ಮೆಟ್ಟಿಲಿಳಿದರು. ಪ್ರಾರ್ಥನೆಯ ನಡುವೆ ನಾನು ಬಾಯಿ ಬಿಡುವುದಿಲ್ಲವಾದ್ದರಿಂದ ಎಲ್ಲಿಗೆ ಎಂದು ಕೇಳಲಿಲ್ಲ. ಎದ್ದು ನೋಡಿದರೆ ತಿಂಡಿ ಮುಚ್ಚಿದ ಹಾಗೇ ಇತ್ತು. ಬೆಸುಗೆ ಹಾಕುವ ಕರೆಂಟ್ ಕಡ್ಡಿ ಸ್ವಿಚ್ ಹಾಕಿದ ಹಾಗೇ ಸುಡುತ್ತಿತ್ತು. ಮನೆ ಬಿಟ್ಟೇ ಹೋಗುವುದಾಗಿದ್ದರೆ ಅವರು ಅದನ್ನು ಆರಿಸದೆ ಹೋಗುವವರಲ್ಲ.

ಒಂಬತ್ತೂವರೆಗೆ ಹುಡುಕಲು ಹೊರಟೆ. ಓಣಿಯ ಬಡಗಿ, "ನಮ್ಮ ಕಡೆ ಬಂದೇ ಇಲ್ಲಕ್ಕಾ" ಎಂದ. ವೆಲ್ಡಿಂಗ್ ಅಂಗಡಿ ಬಾಗಿಲು ಹಾಕಿತ್ತು. ಬಸ್ ನಿಲ್ದಾಣದ ಬಳಿ ಬೀಗ ರಿಪೇರಿಯವನು, ಬಿಳಿ ಪ್ಲಾಸ್ಟಿಕ್ ತಗಡು ಹಿಡಿದ ಒಬ್ಬರು ಬೆವರುತ್ತಾ ಬಂದು ಡಿಪೋಗೆ ದಾರಿ ಯಾವುದು ಎಂದು ಕೇಳಿದರೆಂದೂ, ಕುಡಿದಿರಬೇಕೆಂದು ತಾನು ಸುಮ್ಮನಾದೆನೆಂದೂ ಹೇಳಿದ. ಮೂವತ್ತು ವರ್ಷ ಸೈಕಲ್ ತುಳಿದ ದಾರಿಯದು. ಅವರು ಕುಡಿಯುವವರಲ್ಲ. ಡಿಪೋದಲ್ಲಿ ವಿಚಾರಿಸಿದರೆ ಅಲ್ಲಿಗೂ ಹೋಗಿಲ್ಲ.

ಠಾಣೆಯಲ್ಲಿ ನನ್ನ ತಮ್ಮ, ಭಾವ ಮುನಿಸಿಕೊಂಡು ಹೋಗಿರಬೇಕು ಎಂದ. ಪೇದೆಯವರು, "ಹೊಟ್ಟೆ ಹಸಿದ್ರೆ ತಾನಾಗೇ ಬರ್ತಾರೆ ಬಿಡಿ ಅಮ್ಮ" ಎಂದರು. ನನ್ನ ಭಯ ಆ ಹಸಿವಿನದೇ. ಚುಚ್ಚಿಕೊಂಡು ತಿನ್ನದಿದ್ದರೆ ಸಕ್ಕರೆ ಇಳಿದು ಮೊದಲು ದಿಕ್ಕು ತಪ್ಪುತ್ತದೆ, ಆಮೇಲೆ ಎಚ್ಚರ ತಪ್ಪುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಎಲ್ಲಿ ಬಿದ್ದಿದ್ದರೂ ಕುಡುಕನೆಂದು ಜನ ದಾಟಿಕೊಂಡು ಹೋಗುತ್ತಾರೆ.

ಪೇದೆಯವರು ತಾವು ಬರೆದದ್ದನ್ನು ಓದಿ ಹೇಳಿದಾಗ "ಜಗಳವಾಡಿ ಮನೆ ಬಿಟ್ಟು ಹೋಗಿರುತ್ತಾರೆ" ಎಂದಿತ್ತು. ಸಂಜೆಯೊಳಗೆ ಬರದಿದ್ದರೆ ಹುಡುಕೋಣ ಎಂದರು. ಆ ಸಾಲು ಹೊಡೆದುಹಾಕುವ ತನಕ ಸಹಿ ಹಾಕುವುದಿಲ್ಲ ಎಂದು ಕುಳಿತೆ. ಗಲಾಟೆ ಕೇಳಿ ಸಾಹೇಬರು ಒಳಗಿನಿಂದ ಬಂದು ಪೂರ್ತಿ ಓದಿದರು. ತಾವೇ ಆ ಸಾಲು ಹೊಡೆದುಹಾಕಿ "ಅಸ್ವಸ್ಥರಾಗಿ ದಾರಿ ತಪ್ಪಿರುತ್ತಾರೆ" ಎಂದು ಬರೆದು ಜೀಪು ಕಳಿಸಿದ್ದಾರೆ. ಜೀಪಿನವರ ಕೈಗೆ ಸಕ್ಕರೆ ಪೊಟ್ಟಣ ಕೊಟ್ಟಿದ್ದೇನೆ. ಸಿಕ್ಕ ಕೂಡಲೇ ಹೆಸರು, ವಿಳಾಸ ಕೇಳುತ್ತಾ ನಿಲ್ಲದೆ, ಎಚ್ಚರವಿದ್ದರೆ ಮೊದಲು ಅದನ್ನು ಬಾಯಿಗೆ ಹಾಕಬೇಕು. ಎಚ್ಚರವಿಲ್ಲದಿದ್ದರೆ ಏನೂ ಹಾಕದೆ ನೇರ ಆಸ್ಪತ್ರೆಗೆ ಒಯ್ಯಬೇಕು. ಇದನ್ನೂ ಬರೆದುಕೊಳ್ಳಿ ಎಂದಿದ್ದೇನೆ, ಬರೆದಿದ್ದಾರೆ.

ಇಷ್ಟೂ ನಾನು ಕಂಡದ್ದು, ಕೇಳಿದ್ದು. ಒಂದಕ್ಷರ ಕೂಡಿಸಿಲ್ಲ, ಮೇಲಿರುವವನು ಬಲ್ಲ.

ಸ್ಥಳ: ಠಾಣೆ
ದಿನ: ಈ ದಿನ, ಮಧ್ಯಾಹ್ನ ಒಂದೂವರೆ. ಜೀಪು ಇನ್ನೂ ಬಂದಿಲ್ಲ.
ಸಹಿ: ಹೇಳಿಕೆ ಕೊಟ್ಟವಳು, ಕಾಣೆಯಾದವರ ಹೆಂಡತಿ