ನೋವು ನಂದೇ ಅಂತೀನಿ

ಹೆರಿಗೆ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕಿಟಕಿಯವನು ಕಾಯಿಲೆ ಏನೆಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಸಾಲಿನಲ್ಲಿ ನಿಂತಿದ್ದ ಅತ್ತೆ ಸೊಸೆ ಪಿಸುಗುಟ್ಟುತ್ತಿದ್ದರು.

“ಬನ್ನಿ ಅತ್ತೆ, ಮನೆಗೆ ಹೋಗೋಣ.”

“ಹೆರಿಗೆಯಾಗಿ ಮೂರು ತಿಂಗಳಾಯ್ತು, ಹೊಲಿಗೆ ಹಾಕಿದ ಜಾಗ ಇನ್ನೂ ಮಾಗಿಲ್ಲ. ಎಷ್ಟು ದಿನ ಹಲ್ಲು ಕಚ್ಕೊಂಡಿರ್ತೀಯ?”

“ಇಷ್ಟು ಜನರ ಮುಂದೆ ಹೇಗೆ ಹೇಳಲಿ?”

“ನೀನು ಬಾಯಿ ಬಿಡಬೇಡ. ನೋವು ನಂದೇ ಅಂತೀನಿ.”

“ಈ ವಯಸ್ಸಲ್ಲಿ ನಿಮಗೆ ಹೆರಿಗೆನಾ?” ಸೊಸೆಗೆ ನಗು ಬಂದೇಬಿಟ್ಟಿತು.

“ಜನ ನಗಲಿ ಬಿಡು. ನನ್ನ ಕಾಲದಲ್ಲಿ ಜೊತೆಗೆ ಬರೋರೇ ಇರಲಿಲ್ಲ ಕಣೇ.”

ಸರದಿ ಬಂತು. “ಹೆರಿಗೆ ಹೊಲಿಗೆ ಮಾಗಿಲ್ಲಪ್ಪ, ನನಗೆ!” ಎಂದು ಅತ್ತೆ ಗಟ್ಟಿಯಾಗಿ ಹೇಳಿದಳು. ಸಾಲಿಗೆ ಸಾಲೇ ಅವಳ ನರೆತ ತಲೆ ನೋಡಿತು.

ಕಿಟಕಿಯವನ ದನಿ ತಾನಾಗಿ ತಗ್ಗಿತು. “ಹೆಸರು?”

ಅತ್ತೆ ಸೊಸೆಯ ಹೆಸರು ಹೇಳಿ, ಅವಳ ಕೈ ಹಿಡಿದು ಒಳಗೆ ನಡೆದಳು.