ಆನೆ ಕಾಸು ಹೊಳೆದ ಬಗ್ಗೆ

ದಿನಾಂಕ 28-08-2025, ಗುರುವಾರ, ಬೆಳಗ್ಗೆ 11.05. ದೂರುದಾರ ತಾನಾಗಿ ಠಾಣೆಗೆ ಬಂದು ಕೊಟ್ಟ ಎರಡನೆಯ ಹೇಳಿಕೆ. ದೂರುದಾರನಿಗೆ ತಮಿಳು ಮಾತು ಬರುತ್ತದೆ, ಬರಹ ಬಾರದು. ಆದ್ದರಿಂದ ಹೊಸೂರಿನವರಾದ ಹೆಡ್ ಕಾನ್‌ಸ್ಟೆಬಲ್ ಮಹದೇವ ಕನ್ನಡದಲ್ಲಿ ಬರೆದುಕೊಂಡಿದ್ದಾರೆ.

ನಾನು ಗುರುಚರಣ, ತಂದೆ ದಿವಂಗತ ಬದರಿನಾಥರಾವ್, ವಯಸ್ಸು 63, ವಿಮಾ ಕಂಪನಿಯ ನಿವೃತ್ತ ನೌಕರ, ವಾಸ ಚೆನ್ನೈ ವೆಸ್ಟ್ ಮಾಂಬಲಂ, ರೈಲು ನಿಲ್ದಾಣದಿಂದ 400 ಮೀಟರ್ ದೂರದ ಫ್ಲ್ಯಾಟು. ಈ ಮೂಲಕ ತಿಳಿಸಬೇಕಾದದ್ದು ಇಷ್ಟು:

31 ವರ್ಷಗಳಿಂದ ಹಳೆಯ ನಾಣ್ಯಗಳನ್ನು ಸಂಗ್ರಹಿಸುತ್ತಿದ್ದೇನೆ. ಈಗ 412 ಇವೆ. ಅವುಗಳಲ್ಲಿ 143 ನಾಣ್ಯಗಳು ಪುರಸೈವಾಕ್ಕಂನ ನಾಣ್ಯ ವ್ಯಾಪಾರಿ ಭೋಜರಾಜ, ವಯಸ್ಸು 68, ಇವರಿಂದ ಬಂದವು. ಈ ಪ್ರಕರಣದ ನಾಣ್ಯ ಅವರದ್ದಲ್ಲ. ಅದು ಮೈಸೂರು ಸಂಸ್ಥಾನದ ತಾಮ್ರದ ಆನೆ ಕಾಸು. 1997ರಲ್ಲಿ ಹಳೆ ಪಾತ್ರೆ ಅಂಗಡಿಯೊಂದರ ಹಿತ್ತಾಳೆ ರಾಶಿಯಲ್ಲಿ ಮೂರು ಶನಿವಾರ ಹುಡುಕಿ ನಾನೇ ತೆಗೆದದ್ದು. ಒಂದು ಮುಖದಲ್ಲಿ ಆನೆ, ಆನೆಯ ಮೇಲೆ ‘ಶ್ರೀ’. ಮೈತುಂಬ ಕಪ್ಪು ಹಸಿರು ಬಣ್ಣ ಕಟ್ಟಿತ್ತು. ಆ ಬಣ್ಣ ಕಟ್ಟಲು ಇನ್ನೂರು ವರ್ಷ ಬೇಕು. ಅದನ್ನು ಉಜ್ಜಬಾರದು.

ದಿನಾಂಕ 14-07-2025ರಂದು ಇನ್ನೊಂದು ಕಾಸಿನೊಡನೆ ಹೋಲಿಸಿ ನೋಡಲೆಂದು ಭೋಜರಾಜರಿಗೆ ಅದನ್ನು ಕೊಟ್ಟೆ. 30-07-2025ರಂದು ಸಂಜೆ 5.20ಕ್ಕೆ ಸಣ್ಣ ಕಾಗದದ ಲಕೋಟೆಯಲ್ಲಿ ಹಿಂದಿರುಗಿಸಿದರು. ನಾನು ಬಿಡಿಸಿ ನೋಡಲಿಲ್ಲ. ಅವರ ಅಂಗಡಿಯಲ್ಲಿ ಹಳಬರು ಯಾರೂ ಲಕೋಟೆ ಬಿಡಿಸಿ ನೋಡುವುದಿಲ್ಲ. ನೋಡಿದರೆ ಅವರನ್ನು ಕಳ್ಳ ಎಂದಂತೆ. 22 ವರ್ಷಗಳಿಂದ ಇದೇ ಪದ್ಧತಿ.

ಲಕೋಟೆಯನ್ನು ಓದುತ್ತಿದ್ದ ಅನುವಾದಿತ ಕಾದಂಬರಿಯ 212ನೇ ಪುಟದಲ್ಲಿ ಗುರುತಿಗೆ ಇಟ್ಟೆ. ಪುಸ್ತಕ ಮುಗಿಯುವವರೆಗೆ ಗುರುತಿಗೆ ಇಟ್ಟ ವಸ್ತುವನ್ನು ಬದಲಿಸುವ ಅಭ್ಯಾಸ ನನಗಿಲ್ಲ. ಮತ್ತೆ ಪುಸ್ತಕ ತೆರೆದದ್ದು 10-08-2025ರಂದು. ಆಗ ಅದು 180ನೇ ಪುಟದಲ್ಲಿತ್ತು. ವಯಸ್ಸಿನ ಮರೆವು ಎಂದುಕೊಂಡು 32 ಪುಟಗಳನ್ನು ಮತ್ತೆ ಓದಿದೆ. ಯಾಕೆ ಹೀಗಾಯಿತೆಂದು ಯಾರನ್ನೂ ಕೇಳಲಿಲ್ಲ.

24-08-2025, ಭಾನುವಾರ, ಬೆಳಗ್ಗೆ 11.10ಕ್ಕೆ ಪುಸ್ತಕ ಮುಗಿಯಿತು. ಲಕೋಟೆ ಬಿಡಿಸಿದೆ. ಕಾಸು ಹೊಸ ಚೊಂಬಿನ ಹಾಗೆ ಹೊಳೆಯುತ್ತಿತ್ತು. ತೂಕ 0.06 ಗ್ರಾಂ ಕಡಿಮೆ. ಆನೆಯ ಕಾಲುಗಳ ಸಂದಿನಲ್ಲಿ ಕೆಂಪು ಪುಡಿ. ಅಂಚಿನ ಹಳೆಯ ಕಚ್ಚು ಇದ್ದ ಜಾಗದಲ್ಲೇ ಇತ್ತು. ಅದನ್ನೂ ಯಾರೋ ನಕಲು ಮಾಡಿದ್ದಾರೆ ಎಂದು ತೀರ್ಮಾನಿಸಿದೆ. ಜೊತೆಯಲ್ಲಿ ವಾಸವಿರುವ ನನ್ನ ಅಕ್ಕ ಗೋದಾಬಾಯಿ, ವಯಸ್ಸು 71, ಆಗ 14 ಅಡಿ ದೂರದ ಅಡುಗೆಮನೆಯಲ್ಲಿದ್ದರು. ಅವರನ್ನು ಕೇಳಲಿಲ್ಲ. ನನ್ನ ನಾಣ್ಯಗಳನ್ನು ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು.

11.40ಕ್ಕೆ ಭೋಜರಾಜರಿಗೆ ಫೋನ್ ಮಾಡಿದೆ. ನೀವು ಕೊಟ್ಟಿದ್ದೇ ಕೊಟ್ಟೆ ಸಾರ್, ನನ್ನ ಹತ್ತಿರ ಆನೆ ಏನು ಮರಿ ಹಾಕುತ್ತಾ ಎಂದರು. ಆ ಮಾತು ನನಗೆ ಹಿಡಿಸಲಿಲ್ಲ. ಮರುದಿನ ಇದೇ ಠಾಣೆಯಲ್ಲಿ, ಅವರು ಕಾಸು ಬದಲಾಯಿಸಿ ನಕಲಿ ಕೊಟ್ಟಿದ್ದಾರೆಂದು ದೂರು ಕೊಟ್ಟು ಕಾಸನ್ನು ಒಪ್ಪಿಸಿದೆ. ಮನೆಯಲ್ಲಿ ವಿಚಾರಿಸಿದಿರಾ ಎಂದು ಇನ್‌ಸ್ಪೆಕ್ಟರ್ ಕೌಸಲ್ಯಾ ಅವರು ಎರಡು ಸಲ ಕೇಳಿದರು. ಅಗತ್ಯವಿಲ್ಲ ಎಂದು ಎರಡು ಸಲವೂ ಹೇಳಿದೆ.

26-08-2025ರಂದು ನನ್ನನ್ನೂ ಭೋಜರಾಜರನ್ನೂ ಠಾಣೆಗೆ ಕರೆಸಿದರು. ಭೋಜರಾಜರು 10.30ರಿಂದ 4.15ರವರೆಗೆ ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತಿದ್ದರು. ಕೊನೆಗೆ ಕಾಸನ್ನು ಅವರ ಕೈಗೆ ಕೊಟ್ಟಾಗ ಭೂತಗನ್ನಡಿ ಹಿಡಿದು ನೋಡಿ, ಈ ಕೆಂಪು ಪೇಂಟ್ ಅಲ್ಲ ಸಾರ್, ಕುಂಕುಮ, ವರಮಹಾಲಕ್ಷ್ಮಿ ಹಬ್ಬ ಯಾವತ್ತಾಯ್ತು ಅಂತ ಕ್ಯಾಲೆಂಡರ್ ನೋಡಿ ಎಂದರು. ಹಬ್ಬ 08-08-2025ರಂದು ಆಗಿತ್ತು.

ಮನೆಗೆ ಹೋಗಿ ಅಕ್ಕನನ್ನು ಕೇಳಿದೆ. ಹೌದು ಕಣೋ, ಪುಸ್ತಕದ ಧೂಳು ಒರೆಸುವಾಗ ಸಿಕ್ತು, ಆನೆ ಇದೆ, ಮೇಲೆ ಶ್ರೀ ಅಂತ ಬೇರೆ ಇದೆ, ಲಕ್ಷ್ಮಿಗಲ್ಲದೆ ಇನ್ಯಾರಿಗೆ, ಕಲಶದ ಮುಂದಿಟ್ಟೆ, ಆಮೇಲೆ ಲಕೋಟೆಗೆ ಹಾಕಿ ಪುಸ್ತಕದಲ್ಲೇ ಇಟ್ಟೆ ಎಂದರು. ತೊಳೆದದ್ದು ಯಾಕೆ ಎಂದೆ. ಅಷ್ಟು ಕಪ್ಪಾಗಿರೋದನ್ನ ದೇವರ ಮುಂದೆ ಇಡ್ತಾರೇನೋ, ಹುಣಸೆಹಣ್ಣು ಹಾಕಿ ಅರ್ಧ ಗಂಟೆ ತಿಕ್ಕಿದ್ದೀನಿ, ನೋಡಿ ಸಂತೋಷ ಪಡ್ತೀಯ ಅಂತ ಹದಿನೈದು ದಿನ ಕಾದೆ, ನೀನು ಒಂದು ಮಾತಾಡಲಿಲ್ಲ ಎಂದರು. ಅವರ ಬಲಗೈ ಹೆಬ್ಬೆರಳಿನ ಉಗುರು ಇನ್ನೂ ಕಪ್ಪಾಗಿತ್ತು. ನಾನು ಕೋಣೆಗೆ ಹೋದೆ.

ನಿನ್ನೆ, 27-08-2025, ಸಂಜೆ 5.00ಕ್ಕೆ ಕ್ಷಮೆ ಕೇಳಲು ಭೋಜರಾಜರ ಅಂಗಡಿಗೆ ಹೋದೆ. ವಾಂಗೋ ಸಾರ್ ಎಂದು ಎಂದಿನಂತೆ ಸ್ಟೂಲು ಎಳೆದುಕೊಟ್ಟರು. ಅಷ್ಟರಲ್ಲಿ ಹಳೆಯ ಗಿರಾಕಿಯೊಬ್ಬರು ತಾವು ಕೊಟ್ಟಿದ್ದ ನಾಣ್ಯವನ್ನು ವಾಪಸು ಪಡೆಯಲು ಬಂದರು. ಲಕೋಟೆಯನ್ನು ಅಲ್ಲೇ ಬಿಡಿಸಿ, ನಾಣ್ಯವನ್ನು ಎರಡೂ ಕಡೆ ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡರು. ಅಷ್ಟು ಹೊತ್ತೂ ಭೋಜರಾಜ ರಸ್ತೆಯ ಕಡೆ ನೋಡುತ್ತಿದ್ದರು. ಮೆಟ್ರೋ ಕೆಲಸ ಯಾವಾಗ ಮುಗಿಯುತ್ತದೋ ಎಂದು ಹೇಳಿ 5.12ಕ್ಕೆ ಹೊರಟು ಬಂದೆ.

ಆದ್ದರಿಂದ ನನ್ನ ದೂರು ತಪ್ಪು. ಭೋಜರಾಜರು ಕೊಟ್ಟದ್ದು ನನ್ನದೇ ಕಾಸು. ದೂರನ್ನು ಮುಕ್ತಾಯಗೊಳಿಸಬೇಕೆಂದು ಕೋರುತ್ತೇನೆ. ಒಂದು ಕಾಸಿಗೆ ಎರಡು ಹೇಳಿಕೆಯಾ ಸಾರ್ ಎಂದು ಮಹದೇವ ಅವರು ಕೇಳಿದರು. ಅದನ್ನೂ ಬರೆದುಕೊಳ್ಳಿ ಎಂದಿದ್ದೇನೆ.

ಕಾಸನ್ನು ಠಾಣೆಯ ಲಕೋಟೆಯಲ್ಲಿ ಹಿಂದಕ್ಕೆ ಕೊಟ್ಟಿದ್ದಾರೆ. ಬಿಡಿಸಿ ನೋಡಿ ಸಹಿ ಮಾಡಿ ಎಂದರು. ಬಿಡಿಸದೆ ಸಹಿ ಮಾಡಿದ್ದೇನೆ. ಬರುವ ಭಾನುವಾರ, 31-08-2025, ಬೆಳಗ್ಗೆ 10.00ಕ್ಕೆ ಸಂಗ್ರಹಕಾರರೆಲ್ಲ ಭೋಜರಾಜರ ಅಂಗಡಿಯಲ್ಲಿ ಸೇರುತ್ತಾರೆ. ಆಗ ಅಲ್ಲಿಗೆ ಹೋಗಿ, ನಿಂತು, ಈ ಹೇಳಿಕೆಯ ನಕಲನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುವುದೆಂದು ನಿರ್ಧರಿಸಿದ್ದೇನೆ. ಅಕ್ಕನೂ ಬರುತ್ತೇನೆ ಎಂದಿದ್ದಾರೆ. ಅವರಿಗೆ ಇನ್ನೂ ಉತ್ತರ ಕೊಟ್ಟಿಲ್ಲ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ಎರಡು ಕಡೆ ಸಮಯ ತಿದ್ದಿಸಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ಮತ್ತು ನಿಜ.

ಸ್ಥಳ: ವೆಸ್ಟ್ ಮಾಂಬಲಂ, ಚೆನ್ನೈ
ದಿನಾಂಕ: 28-08-2025, ಮಧ್ಯಾಹ್ನ 12.40
(ಸಹಿ) ಬ. ಗುರುಚರಣ